ಅರವತ್ತು ನಿಮಿಷಕ್ಕೆ ಹಿಡಿಸಿದ ಆಲ್ಬಮ್

ನನಗೆ ಪ್ರಿಯವಾದ ಹಾರ್ಡ್ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಹದಿಹರೆಯದಲ್ಲಿ ಸಾವಿರ ಸಲವಾದರೂ ಕೇಳಿದ್ದೇನೆ. ಆದರೆ ಅದು ನಿಜವಾಗಿ ಹೇಗಿದೆ ಎಂದು ಗೊತ್ತಾದದ್ದು ನನಗೆ ಮೂವತ್ತು ದಾಟಿದ ಮೇಲೆ. ನಾನು ಅಷ್ಟು ವರ್ಷ ಕೇಳಿದ್ದು ನಾನೇ ಕಾಪಿ ಮಾಡಿದ ಕ್ಯಾಸೆಟ್ಟು. ಎರಡಕ್ಕೂ ಇರುವ ವ್ಯತ್ಯಾಸ ನನ್ನ ಕೈಕೆಲಸ. ಬ್ಯಾಂಡಿನ ಹೆಸರು ಹೇಳುವುದಿಲ್ಲ, ಪಾಪ, ಅವರು ಯಾವ ತಪ್ಪೂ ಮಾಡಿಲ್ಲ. ನನ್ನ ಸ್ನೇಹಿತನ ಹೆಸರನ್ನೂ ಹೇಳುವುದಿಲ್ಲ. ಅವನೂ ಮಾಡಿಲ್ಲ.

ತೊಂಬತ್ತರ ದಶಕದ ಆರಂಭ. ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಮನೆ ಊರಂಚಿನ ಕೆಸರೆಯಲ್ಲಿ, ಅಪ್ಪನ ದಿನಸಿ ಅಂಗಡಿಯ ಬೆನ್ನಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ವಚನ ಕೇಳುವುದಕ್ಕೆಂದು ಅಪ್ಪ ತಂದಿಟ್ಟಿದ್ದ ಟೇಪ್ ರೆಕಾರ್ಡರಿಗೆ ಸಂಜೆಯಾದರೆ ನಾನು ಬೇರೆಯದೇ ದೀಕ್ಷೆ ಕೊಡುತ್ತಿದ್ದೆ. ಅಪ್ಪ ಅಂಗಡಿಯಿಂದಲೇ ಕೂಗುತ್ತಿದ್ದರು, "ಲೋ, ಗಿರಾಕಿಗಳು ಬೇಳೆ ಕೇಳ್ತಾವ್ರೋ ಬೆಲ್ಲ ಕೇಳ್ತಾವ್ರೋ ಒಂದೂ ಗೊತ್ತಾಗ್ತಿಲ್ಲ ಕಣೋ. ವಸಿ ಸಣ್ಣಕ್ಕೆ ಮಡಗು." ಸಣ್ಣಕ್ಕೆ ಇಟ್ಟು ಕೇಳುವ ಸಂಗೀತವಲ್ಲ ಅದು ಎಂದು ಅವರಿಗೆ ತಿಳಿಸಿ ಹೇಳುವುದು ನನ್ನಿಂದಾಗುತ್ತಿರಲಿಲ್ಲ.

ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ಕೊಡಗಿನ ಕಡೆಯ ಸೀನಿಯರ್ ಒಬ್ಬನಿದ್ದ. ಆ ಬ್ಯಾಂಡಿನ ಕಂಪನಿ ಕ್ಯಾಸೆಟ್ಟು ಇಡೀ ಕಾಲೇಜಿನಲ್ಲಿ ಅವನೊಬ್ಬನ ಬಳಿಯೇ ಇತ್ತು. ಹಿಂದೆ ಬಿದ್ದು, ಕಾಡಿಬೇಡಿ, ಅವನ ಪ್ರಾಕ್ಟಿಕಲ್ ರೆಕಾರ್ಡಿನ ಚಿತ್ರಗಳನ್ನೆಲ್ಲ ನಾನೇ ಬರೆದುಕೊಟ್ಟ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೊಟ್ಟ. ಸಾಯಂಕಾಲ ಅವನು ಊರಿಗೆ ಹೊರಡುವುದರೊಳಗೆ ವಾಪಸ್ ಕೊಡಬೇಕು ಎಂದು ಕರಾರು.

ಪಕ್ಕದ ಮನೆಯವರ ಹೊಸ ಟೇಪ್ ರೆಕಾರ್ಡರನ್ನು ಬೇಡಿ ತಂದು, ನಮ್ಮದಕ್ಕೂ ಅದಕ್ಕೂ ವೈರು ಸೇರಿಸಿದೆ. ನಮ್ಮದರಲ್ಲಿ ಕ್ಯಾಸೆಟ್ಟು ಓಡುವುದು, ಅವರದರಲ್ಲಿ ರೆಕಾರ್ಡ್ ಆಗುವುದು. ಎಲ್ಲ ಸಿದ್ಧವಾದ ಮೇಲೆ ತೊಡಕು ಗೊತ್ತಾಯಿತು. ಆಲ್ಬಮ್ಮಿನ ಮೊದಲ ಬದಿ ಇಪ್ಪತ್ತೊಂಬತ್ತು ನಿಮಿಷ, ಎರಡನೆಯದು ಮೂವತ್ತೆರಡು. ಮನೆಯಲ್ಲಿದ್ದದ್ದು ಅರವತ್ತು ನಿಮಿಷದ ಒಂದೇ ಒಂದು ಖಾಲಿ ಕ್ಯಾಸೆಟ್ಟು, ಅಂದರೆ ಒಂದೊಂದು ಬದಿಗೆ ಮೂವತ್ತು ನಿಮಿಷ. ಭಾನುವಾರ ಕ್ಯಾಸೆಟ್ ಅಂಗಡಿ ಮುಚ್ಚಿರುತ್ತಿತ್ತು. ಎರಡನೆಯ ಬದಿಯ ಕೊನೆಯ ಹಾಡೇ ಆ ಆಲ್ಬಮ್ಮಿನ ಜೀವ. ಮೆಲ್ಲಗೆ ಶುರುವಾಗಿ, ನಡುವೆ ಹಾಡುಗಾರ ನಾಲ್ಕು ಮಾತು ಮಾತಾಡಿ, ಆಮೇಲೆ ಏರುತ್ತಾ ಹೋಗಿ, ಕಡೆಗೆ ಮೇಲಿನ ಒಂದು ಸ್ವರವನ್ನು ಹಿಡಿದು ನಿಂತುಬಿಡುತ್ತಾನೆ. ನನ್ನ ಕ್ಯಾಸೆಟ್ಟು ಆ ಸ್ವರಕ್ಕೆ ಮುಂಚೆಯೇ ಮುಗಿದುಹೋಗುತ್ತಿತ್ತು.

ಬೇರೆ ಯಾವುದಾದರೂ ಹಾಡನ್ನು ಕೈಬಿಡಬಹುದಿತ್ತು. ಆಗ ಅದು ಮಹಾಪಾಪವೆಂದು ತೋರಿತು. ದೊಡ್ಡ ಗಡಿಯಾರದ ಹತ್ತಿರ ಟೇಪ್ ರಿಪೇರಿ ಮಾಡುವವರೊಬ್ಬರಿದ್ದರು. ಅವರ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ನೋಡಿ ನಾನು ಒಂದು ವಿಷಯ ಕಲಿತಿದ್ದೆ. ಟೇಪ್ ರೆಕಾರ್ಡರಿನ ಮೋಟರಿಗೆ ಹಿಂಭಾಗದಲ್ಲಿ ಸಣ್ಣ ತೂತಿರುತ್ತದೆ, ಅದರೊಳಗೆ ಒಂದು ತಿರುಪು. ಸಣ್ಣ ಸ್ಕ್ರೂ ಡ್ರೈವರ್ ಹಾಕಿ ಒಂದಿಷ್ಟು ತಿರುಗಿಸಿದರೆ ಮೋಟರು ಜೋರಾಗಿ ಓಡುತ್ತದೆ. ಹಾಡು ಓಡಿಸುವ ನಮ್ಮ ಟೇಪು ಜೋರಾಗಿ ಓಡಿದರೆ ಮೂವತ್ತೆರಡು ನಿಮಿಷದ್ದು ಮೂವತ್ತರೊಳಗೆ ಮುಗಿಯುತ್ತದೆ.

ತಿರುಗಿಸಿದೆ. ಗೋಡೆ ಗಡಿಯಾರದ ಮುಂದೆ ನಿಂತು, ಓಡಿಸಿ ನೋಡಿ, ಮತ್ತೆ ತಿರುಗಿಸಿದೆ. ಅಮ್ಮ ಅಡುಗೆಮನೆಯಿಂದ ಇಣುಕಿ, "ಎಷ್ಟೊತ್ತಿಂದ ಗಡಿಯಾರ ನೋಡ್ಕೊಂಡು ನಿಂತಿದ್ದೀಯಲ್ಲೋ, ಒಲೆ ಮೇಲೆ ಏನಾರ ಬೇಯಕ್ಕಿಟ್ಟಿದ್ದೀಯಾ?" ಅಂದರು. ಎರಡೂ ಬದಿಯನ್ನು ಅದೇ ವೇಗದಲ್ಲಿ ಇಳಿಸಿಕೊಂಡೆ. ಕೊನೆಯ ಸ್ವರ ಮುಗಿದು ಹತ್ತು ಸೆಕೆಂಡಿಗೆ ಕ್ಯಾಸೆಟ್ಟು ಟಕ್ಕೆಂದು ನಿಂತಿತು. ನನಗೆ ನನ್ನ ಬಗ್ಗೆ ಹಿಡಿಸಲಾರದಷ್ಟು ಹೆಮ್ಮೆಯಾಯಿತು. ತಿರುಪನ್ನು ಮೊದಲಿದ್ದ ಜಾಗಕ್ಕೆ ತಂದು, ಅಪ್ಪನ ವಚನದ ಕ್ಯಾಸೆಟ್ಟು ಹಾಕಿ ಸರಿಯಿದೆಯೇ ಎಂದು ಪರೀಕ್ಷಿಸಿ, ಸೀನಿಯರಿನ ಕ್ಯಾಸೆಟ್ಟನ್ನು ನಾಲ್ಕು ಗಂಟೆಗೇ ವಾಪಸ್ ಮಾಡಿದೆ.

ಹಾಡು ಸ್ವಲ್ಪ ಬೇಗ ಓಡುತ್ತಿದೆ, ದನಿ ಸ್ವಲ್ಪ ಮೇಲೆ ಹೋಗಿದೆ ಎಂಬುದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ವಾದಿಸುವುದು ಬೇಡ. ಆದರೆ ಕೇಳಲು ಇನ್ನೂ ಚುರುಕಾಗಿತ್ತು, ಇನ್ನೂ ಉಗ್ರವಾಗಿತ್ತು. ಇರಲಿ ಬಿಡು ಅಂದುಕೊಂಡೆ.

ನನ್ನ ಸ್ನೇಹಿತ ಅದೇ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಯಾದವಗಿರಿಯಲ್ಲಿ ಮನೆ. ಅವನ ಮುತ್ತಾತ ಅರಮನೆಯಲ್ಲಿ ಸಂಗೀತ ವಿದ್ವಾಂಸರಾಗಿದ್ದವರು. ತಂದೆ ಮನೆಯಲ್ಲೇ ಹಾಡುಗಾರಿಕೆ ಪಾಠ ಹೇಳುತ್ತಿದ್ದರು. ಶಿಷ್ಯರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಇವನು ಐದನೇ ವಯಸ್ಸಿನಿಂದ ಅವರ ಮುಂದೆ ಕೂತು ಕಲಿತವನು. ಹದಿನೈದಕ್ಕೆ ದನಿ ಒಡೆದು, ಹದಿನೇಳಕ್ಕೆ ಹೊಸ ದನಿ ಬಂದು ಕೂತಿತ್ತು. ತಾಮ್ರದ ಕೊಳಗದೊಳಗೆ ಹಾಡಿದ ಹಾಗೆ ತುಂಬಿದ ದನಿ. ಮುಂದಿನ ರಾಮನವಮಿಗೆ ಅವನ ಮೊದಲ ಕಛೇರಿ ಎಂದು ಮಾತಾಗಿತ್ತು.

ಅವನಿಗೆ ಕ್ಯಾಸೆಟ್ಟು ಕೊಟ್ಟೆ. ಮೂರು ದಿನ ಕಾಲೇಜಿಗೆ ಬರಲಿಲ್ಲ. ನಾಲ್ಕನೇ ದಿನ ಬಂದು, "ಇವನು ಮನುಷ್ಯನೇ ಅಲ್ಲ ಕಣೋ. ಆ ಕೊನೇ ಸ್ವರ ಇದೆಯಲ್ಲ, ಅಲ್ಲಿಗೆ ಯಾರೂ ಹೋಗಕ್ಕಾಗಲ್ಲ. ಇವನು ಹೋಗಿ ಚಾಪೆ ಹಾಸ್ಕೊಂಡು ಕೂತಿದ್ದಾನೆ" ಅಂದ. ಅವನ ಕಣ್ಣಲ್ಲಿ ಅಂಥ ಬೆರಗನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಬೆರಗು ನನ್ನಿಂದ ಬಂದದ್ದು ಎಂದು ಒಳಗೊಳಗೇ ಬೀಗಿದೆ. ಅಲ್ಲೇ ಹೇಳಿಬಿಟ್ಟಿದ್ದರೆ ಇಬ್ಬರೂ ನಕ್ಕು ಮುಗಿಸುತ್ತಿದ್ದೆವು.

ಬ್ಯಾಂಡು ಕಟ್ಟಿದೆವು. ಗಿಟಾರಿಗೊಬ್ಬ, ಡ್ರಮ್ಮಿಗೊಬ್ಬ, ಹಾಡಲು ಅವನು. ನನಗೆ ಹಾಡಲೂ ಬಾರದು, ನುಡಿಸಲೂ ಬಾರದು. ವೈರು, ಸ್ಪೀಕರು, ಕ್ಯಾಸೆಟ್ಟು ನನ್ನ ಖಾತೆ. ಕ್ಯಾಸೆಟ್ಟಿನ ಯಜಮಾನ ಎಂಬ ಒಂದೇ ಕಾರಣಕ್ಕೆ ನಾನು ಆ ಗುಂಪಿನಲ್ಲಿದ್ದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಆ ಮೂವರಿಗೆ ಗೊತ್ತಿತ್ತೋ ಇಲ್ಲವೋ. ಯಾದವಗಿರಿಯ ಮನೆಯ ಹಿಂದೆ ಯಾವ ಕಾಲದಲ್ಲೋ ಕಾರು ನಿಲ್ಲಿಸುತ್ತಿದ್ದ ಶೆಡ್ಡಿತ್ತು. ಅದೇ ನಮ್ಮ ಜಾಗ. ಮುಂದಿನ ಹಾಲಿನಲ್ಲಿ ಮೇಷ್ಟ್ರ ಶಿಷ್ಯರ ಸರಳೆ, ಜಂಟಿವರಸೆ. ಹಿಂದಿನ ಶೆಡ್ಡಿನಲ್ಲಿ ನಮ್ಮ ಗದ್ದಲ.

ಮೇಷ್ಟ್ರು ಬೈದು ಓಡಿಸುತ್ತಾರೆ ಎಂದು ಮೊದಲ ದಿನ ಹೆದರಿದ್ದೆ. ಅವರು ಬಾಗಿಲಲ್ಲಿ ನಿಂತು ಪೂರ್ತಿ ಒಂದು ಹಾಡು ಕೇಳಿ, "ಶ್ರುತಿ ಸೇರಿದ್ರೆ ಆಯ್ತಪ್ಪ, ಭಾಷೆ ಯಾವುದಾದ್ರೇನು" ಎಂದು ಹೇಳಿ ಹೋದರು. ಆಮೇಲೆ ಒಳಗಿಂದ ನಾಲ್ಕು ಲೋಟ ಕಾಫಿ ಬಂತು. ಕೆಸರೆಯಿಂದ ಸೈಕಲ್ ತುಳಿದುಕೊಂಡು ಬಂದ ನನಗೆ ಆ ಮನೆಯ ಹಾಲಿನಲ್ಲಿ, ತಂಬೂರಿಗಳ ಪಕ್ಕದಲ್ಲಿ ಕೂತು ಕಾಫಿ ಕುಡಿಯುವುದು ಎಷ್ಟು ದೊಡ್ಡ ವಿಷಯವಾಗಿತ್ತು ಎಂದು ಹೇಗೆ ಹೇಳಲಿ. ಆ ಮನೆಯ ಮೇಲೆ ನನಗೆ ಆಸೆಯಾಯಿತು. ಸ್ನೇಹಿತನ ಮೇಲಿದ್ದಷ್ಟೇ ಪ್ರೀತಿ ಆ ಮನೆಯ ಮೇಲೂ ಹುಟ್ಟಿತು.

ಗಿಟಾರಿನವನು ತಂತಿಗಳನ್ನು ಕ್ಯಾಸೆಟ್ಟಿಗೆ ತಕ್ಕಂತೆ ಬಿಗಿ ಮಾಡಿಕೊಂಡ. ವಾರಕ್ಕೊಂದು ತಂತಿ ಕಿತ್ತುಹೋಗುತ್ತಿತ್ತು. "ಆ ಬ್ಯಾಂಡಿನೋರು ತಂತೀನ ಯಾತರಿಂದ ಮಾಡಿಸ್ಕೋತಾರೋ ಕಾಣೆ" ಎಂದು ಅವನು ಗೊಣಗುತ್ತಿದ್ದ. ತಂತಿ ಕಿತ್ತರೆ ಹೊಸದು ಹಾಕಬಹುದು. ಸ್ನೇಹಿತನಿಗೆ ಇದ್ದದ್ದು ಒಂದೇ ಗಂಟಲು.

ಅವನಿಗಿದ್ದ ಇನ್ನೊಂದು ಕಷ್ಟ ನನಗೆ ಆಗ ಅರ್ಥವಾಗಿರಲಿಲ್ಲ. ಅಷ್ಟು ಮೇಲಿನ ಸ್ವರ ಬಂದಾಗ ಬೇರೆ ಯಾರಾದರೂ ಆಗಿದ್ದರೆ ದನಿಯನ್ನು ತೆಳುವಾಗಿಸಿ, ಹೆಣ್ಣುದನಿಯ ಹಾಗೆ ಮಾಡಿಕೊಂಡು ದಾಟಿಬಿಡುತ್ತಿದ್ದರು. ಅವನ ಮನೆಯಲ್ಲಿ ಅದಕ್ಕೆ ಕಳ್ಳದನಿ ಎನ್ನುತ್ತಿದ್ದರು. ಕಳ್ಳದನಿಯಲ್ಲಿ ಹಾಡುವುದೆಂದರೆ ಆ ಮನೆಯಲ್ಲಿ ಕದ್ದು ತಿಂದ ಹಾಗೆ. ಬಾಯಿ ತುಂಬ, ಎದೆ ತುಂಬ ಹಾಡಬೇಕು, ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರಬೇಕು. ಅವನು ಆ ಇಂಗ್ಲಿಷ್ ಹಾಡನ್ನೂ ಅದೇ ನಿಯತ್ತಿನಲ್ಲಿ ಹಾಡಿದ. ಕುತ್ತಿಗೆಯ ನರ ಉಬ್ಬುತ್ತಿದ್ದವು, ಮುಖ ಕೆಂಪಗಾಗುತ್ತಿತ್ತು. ಕೊನೆಯ ಸ್ವರಕ್ಕೆ ಬಂದಾಗ ಪ್ರತಿ ಸಲವೂ ದನಿ ಒಡೆಯುತ್ತಿತ್ತು. "ಅವನಿಗೆ ಬರುತ್ತೆ ಅಂದ್ಮೇಲೆ ನಂಗ್ಯಾಕೆ ಬರಲ್ಲ" ಎಂದು ಮತ್ತೆ ಶುರು ಮಾಡುತ್ತಿದ್ದ. ದಿನಾ ಎರಡು ಗಂಟೆ, ನಾಲ್ಕು ತಿಂಗಳು.

ನಾವು ಹಾಡಲಿದ್ದ ಅಂತರ ಕಾಲೇಜು ಸ್ಪರ್ಧೆಗೆ ಮೂರು ವಾರವಿತ್ತು. ಒಂದು ಮಧ್ಯಾಹ್ನ ನಾನು ಗೇಟಿನೊಳಗೆ ಸೈಕಲ್ ನಿಲ್ಲಿಸುತ್ತಿದ್ದೆ. ಮೇಷ್ಟ್ರು ಮಲ್ಲಿಗೆ ಗಿಡದ ಪಾತಿಗೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟು, "ಬಾಪ್ಪ ಇಲ್ಲಿ" ಎಂದು ಕರೆದರು.

"ಆ ಕ್ಯಾಸೆಟ್ಟು ನೀನೇ ತಂದದ್ದು ಅಲ್ವೇನಪ್ಪ?"

"ಹೌದು ಮೇಷ್ಟ್ರೇ."

"ಬೇಗ ಓಡ್ತಾ ಇದೆ ಅದು. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಎರಡೂವರೆ ಮನೆಗಿಂತ ಒಂದು ಕೂದಲೆಳೆ ಮೇಲೆ ಹೋಗಿ ಕೂತಿದೆ. ಹಾಗೆ ಮನೆ ಬಿಟ್ಟು ನಡುವೆ ಯಾರೂ ಕೂರಿಸ್ಕೊಳಲ್ಲ. ನಡುವೆ ಆತ ಮಾತಾಡ್ತಾನಲ್ಲ, ಅದು ದೊಡ್ಡ ಗಂಡಸಿನ ಮಾತಿನ ಹಾಗೇ ಇಲ್ಲ. ನಿನಗೆ ಈ ಮಿಷನ್ನುಗಳ ವಿಷಯ ಗೊತ್ತು ಅಂತಿದ್ದ ನಮ್ಮೋನು. ಒಂದ್ಸಲ ನೋಡಿಬಿಡಪ್ಪ. ಇವನು ಗಂಟಲು ಕಿತ್ಕೊಂಡು ಹಾಡೋದು ಕೇಳಿದ್ರೆ ನನಗೆ ಭಯವಾಗುತ್ತೆ." ಆಮೇಲೆ ದನಿ ತಗ್ಗಿಸಿ, "ನಾನು ಕೇಳಿದೆ ಅಂತ ಅವನಿಗೆ ಹೇಳ್ಬೇಡ. ಅಪ್ಪ ಅಡ್ಡಗಾಲು ಹಾಕ್ತಾರೆ ಅಂದ್ಕೋತಾನೆ" ಅಂದರು.

ಒಂದು ಇಂಗ್ಲಿಷ್ ಪದ ಗೊತ್ತಿಲ್ಲದೆ, ಬ್ಯಾಂಡು ಯಾವುದೆಂದು ತಿಳಿಯದೆ, ಕಿಟಕಿಯಾಚೆಯಿಂದ ಕೇಳಿಯೇ ಅವರು ನನ್ನ ತಿರುಪನ್ನು ಹಿಡಿದುಬಿಟ್ಟಿದ್ದರು. ಹೌದು ಎಂದರೆ ಮುಂದೇನಾಗುತ್ತದೆ ಎಂಬುದು ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಗಿಟಾರಿನವನು ಉಗಿಯುತ್ತಾನೆ, ನಾಲ್ಕು ತಿಂಗಳ ಅಭ್ಯಾಸ ನೀರುಪಾಲಾಯಿತೆಂದು ಎಲ್ಲರೂ ನನ್ನ ಮೇಲೆ ಬೀಳುತ್ತಾರೆ, ನಾಳೆಯಿಂದ ಈ ಗೇಟಿನೊಳಗೆ ನನಗೇನು ಕೆಲಸ?

"ಇಲ್ಲ ಮೇಷ್ಟ್ರೇ. ನಾನು ಚೆಕ್ ಮಾಡಿದೀನಿ. ಕಂಪನಿ ಕ್ಯಾಸೆಟ್ಟೇ ಹಾಗಿರೋದು."

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಮೇಲೆ ಅನುಮಾನ ಪಡಲಿಲ್ಲ. ಪಟ್ಟಿದ್ದರೆ ಚೆನ್ನಾಗಿತ್ತು. "ಹಾಗೋ? ಸರಿ ಹಾಗಾದ್ರೆ. ನನ್ನ ಕಿವಿಗೇ ವಯಸ್ಸಾಯ್ತೇನೋ" ಎಂದು ಚೊಂಬು ಎತ್ತಿಕೊಂಡರು.

ಅದಾಗಿ ಕೆಲವು ದಿನಕ್ಕೆ ಸ್ನೇಹಿತ ನಗುತ್ತಾ ಹೇಳಿದ, ಅಪ್ಪ ತಂಬೂರಿ ಶ್ರುತಿ ಮಾಡಿ ಪಕ್ಕದಲ್ಲಿದ್ದ ಶಿಷ್ಯನನ್ನು "ಸರಿಯಿದೆಯಾ ನೋಡಪ್ಪ" ಅಂತ ಕೇಳಿದರು, ಹಿಂದೆಂದೂ ಹಾಗೆ ಕೇಳಿದವರಲ್ಲ ಎಂದು. ನಾನೂ ನಕ್ಕೆ. ಆ ನಗು ನೆನಪಾದಾಗೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಸ್ಪರ್ಧೆಯ ದಿನ ಅವನು ಆ ಸ್ವರವನ್ನು ಹಿಡಿದ. ಸಭಾಂಗಣದಲ್ಲಿ ಒಂದು ಕಡೆ ಸಿಳ್ಳೆ, ಒಂದು ಕಡೆ ಕೂಗು. ಅವನು ಹಿಡಿದ ಸ್ವರ ಎಳೆಯುತ್ತಾ ಎಳೆಯುತ್ತಾ ಹೋದಂತೆ ಎಲ್ಲ ನಿಂತು ಅದೊಂದೇ ಉಳಿಯಿತು. ನಾನು ವೇದಿಕೆಯ ಪಕ್ಕದಲ್ಲಿ ವೈರು ಹಿಡಿದುಕೊಂಡು ನಿಂತು ಅಳುತ್ತಿದ್ದೆ. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯಲ್ಲೂ ಆಗಲಿಲ್ಲ, ಮಗಳು ಹುಟ್ಟಿದಾಗಲೂ ಆಗಲಿಲ್ಲ. ಇದನ್ನು ನನ್ನ ಹೆಂಡತಿ ಓದಿದರೆ ಬೇಸರ ಮಾಡಿಕೊಳ್ಳಬಾರದು. ಆ ಸಂತೋಷದ ಬೆಲೆ ಏನೆಂದು ಆಗ ಗೊತ್ತಿರಲಿಲ್ಲ.

ಮರುದಿನ ಅವನ ದನಿ ಕಟ್ಟಿತ್ತು. ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಜ್ಯೇಷ್ಠಮಧು ಆಯಿತು, ಉಪ್ಪುನೀರು ಆಯಿತು. ಎರಡು ವಾರವಾದರೂ ಹಾಗೇ ಇತ್ತು. ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಎದ್ದಿದೆ, ಮೂರು ತಿಂಗಳು ಒಂದು ಮಾತೂ ಆಡಕೂಡದು ಅಂದರು. ಅವನು ಜೇಬಿನಲ್ಲಿ ಚೀಟಿ, ಪೆನ್ಸಿಲ್ಲು ಇಟ್ಟುಕೊಂಡು ಓಡಾಡಿದ. ರಾಮನವಮಿ ಬಂತು. ಮಗನ ಹೆಸರಿದ್ದ ಸಾಯಂಕಾಲದ ಕಛೇರಿಯನ್ನು ಮೇಷ್ಟ್ರೇ ಹಾಡಿದರು. ಹಿಂದೆ ತಂಬೂರಿ ಹಿಡಿದು ಅವನು ಕೂತಿದ್ದ. ನಾನು ಪೆಂಡಾಲಿನ ಕೊನೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ, ಮುಂದೆ ಹೋಗಿ ಕೂರಲು ಧೈರ್ಯವಾಗಲಿಲ್ಲ.

ಮೂರು ತಿಂಗಳಾದ ಮೇಲೆ ಮಾತು ಬಂತು, ಒರಟಾಗಿ. ಹಾಡು ಬರಲಿಲ್ಲ. ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿದರು. ಆಮೇಲೂ ಮಧ್ಯ ಸ್ಥಾಯಿಯ ಪಂಚಮ ದಾಟಿದರೆ ದನಿ ಬರೀ ಗಾಳಿಯಾಗುತ್ತಿತ್ತು. ಒಂದು ದಿನ ಅವನು ಪಾಠಕ್ಕೆ ಕೂರುವುದನ್ನು ನಿಲ್ಲಿಸಿದ. ಮೇಷ್ಟ್ರು ಏನೂ ಅನ್ನಲಿಲ್ಲ. ನೀನೇ ಹಾಳು ಮಾಡಿಕೊಂಡೆ ಎಂದು ಒಂದು ದಿನವೂ ಬೈಯಲಿಲ್ಲ. ಆ ಬೈಯದಿರುವುದನ್ನೇ ಅವನು ಕೋಪ ಅಂದುಕೊಂಡ. ತಂದೆ ಮಕ್ಕಳ ನಡುವೆ ಮಾತು ಊಟ, ಔಷಧಿ, ಕರೆಂಟು ಹೋಯಿತು, ಬಂತು ಎನ್ನುವಷ್ಟಕ್ಕೆ ಇಳಿಯಿತು. ಅವನು ಬಿ.ಕಾಂ. ಮುಗಿಸಿ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಆವೃತ್ತಿ ಹೆಚ್ಚಿದರೆ ಸ್ಥಾಯಿ ಏರುತ್ತದೆ ಎಂಬ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ಉದಾಹರಣೆ ಕೊಡಿ ಸಾರ್ ಎಂದು ಯಾರಾದರೂ ಕೇಳಿದರೆ ಪುಸ್ತಕದಲ್ಲಿರುವುದನ್ನೇ ಹೇಳುತ್ತೇನೆ.

ನಮ್ಮ ಸ್ನೇಹ ಉಳಿಯಿತು. ತಿಂಗಳಿಗೊಂದು ಸಲವಾದರೂ ಅವನ ಮನೆಗೆ ಹೋಗುತ್ತಿದ್ದೆ. ಮೇಷ್ಟ್ರು ನನ್ನನ್ನು ಕಂಡಾಗೆಲ್ಲ "ಚೆನ್ನಾಗಿದ್ದೀಯೇನಪ್ಪ" ಎಂದು ಕೇಳುತ್ತಿದ್ದರು. ಆ ಕ್ಯಾಸೆಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಹೇಳಿಬಿಡೋಣ ಎಂದು ಎಷ್ಟು ಸಲ ಹೋಗಿದ್ದೇನೋ. ಪ್ರತಿ ಸಲವೂ ಕಾಫಿ ಕುಡಿದು ವಾಪಸ್ ಬಂದಿದ್ದೇನೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಅವರ ಹೆಣದ ಮುಂದೆ ನಿಂತಾಗ ನನಗೆ ದುಃಖಕ್ಕಿಂತ ಮೊದಲು ಆದದ್ದು ನಿರಾಳ. ಅದನ್ನೂ ಬರೆದುಬಿಡುತ್ತೇನೆ.

ಮೂರು ವರ್ಷ ಕಳೆದು, ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಆ ಆಲ್ಬಮ್ಮಿನ ಸಿಡಿ ಕಣ್ಣಿಗೆ ಬಿತ್ತು. ಅದೇ ಚಿತ್ರ, ಅದೇ ಅಕ್ಷರ. ತೆಗೆದುಕೊಂಡು ಶ್ರೀರಾಂಪುರದ ನಮ್ಮ ಮನೆಗೆ ಬಂದು, ಹೆಂಡತಿ ಮಗಳು ಹೊರಗೆ ಹೋಗಿದ್ದ ಹೊತ್ತಿನಲ್ಲಿ ಹಾಕಿದೆ.

ಮೊದಲ ಹಾಡಿಗೇ ಎದ್ದು ಸಿಡಿ ಪ್ಲೇಯರ್ ಕೆಟ್ಟಿದೆಯೇ ಎಂದು ನೋಡಿದೆ. ಅಷ್ಟು ನಿಧಾನ, ಅಷ್ಟು ಕೆಳಗೆ. ನನಗೆ ಸಂಗೀತದ ಕಿವಿಯಿಲ್ಲ, ಆದರೂ ಗೊತ್ತಾಯಿತು. ಡ್ರಮ್ಮಿನ ಪೆಟ್ಟುಗಳ ನಡುವೆ ಉಸಿರಾಡಲು ಜಾಗವಿತ್ತು. ಕೊನೆಯ ಹಾಡಿಗೆ ಬಂದೆ. ನಡುವೆ ಮಾತಾಡುವವನು ದೊಡ್ಡ ಗಂಡಸು, ದಪ್ಪ ದನಿಯವನು. ಕೊನೆಯ ಸ್ವರ ಬಂತು. ಅವನು ಅದನ್ನು ಹಿಡಿದ ರೀತಿ ನೋಡಿದರೆ ಗೋಡೆಗೆ ಒರಗಿಕೊಂಡು ಹಾಡಿದ ಹಾಗಿತ್ತು, ಅಷ್ಟು ಆರಾಮ. ನಾವು ಕಂಡ ರಾಕ್ಷಸ ಆ ಆಲ್ಬಮ್ಮಿನಲ್ಲಿ ಇರಲೇ ಇಲ್ಲ. ಅಷ್ಟು ಮೇಲಿನ ಸ್ವರವನ್ನು ಹಾಡಿದವನು ಲೋಕದಲ್ಲಿ ಒಬ್ಬನೇ, ಯಾದವಗಿರಿಯ ಹದಿನೇಳರ ಹುಡುಗ, ಅದೂ ಒಂದೇ ಒಂದು ಸಲ. ನಾನು ನೆಲದ ಮೇಲೆ ಕೂತು ಬಾಯಿಬಿಟ್ಟು ಅತ್ತೆ.

ಮುಂದಿನ ಭಾನುವಾರ ಸಿಡಿ ತೆಗೆದುಕೊಂಡು ಅವನ ಮನೆಗೆ ಹೋದೆ. ಈ ಸಲ ಹೇಳಿಯೇ ಬರುವುದೆಂದು ತೀರ್ಮಾನಿಸಿದ್ದೆ. ಅವನು ಸಿಡಿ ನೋಡಿ ಮಗುವಿನ ಹಾಗೆ ಖುಷಿಪಟ್ಟ. "ಎಲ್ಲಿ ಸಿಕ್ತೋ ಇದು! ಆ ಕಡೇ ಹಾಡು ಹಾಕೋ ಮೊದ್ಲು" ಎಂದ, ತನ್ನ ಒರಟು ದನಿಯಲ್ಲಿ. ಹಾಲಿನಲ್ಲಿ ಹಾಕಿದೆವು. ಅವನು ಕಣ್ಣು ಮುಚ್ಚಿಕೊಂಡ. ಹಾಡು ಶುರುವಾಗಿ ಒಂದು ಸಾಲೂ ಮುಗಿದಿರಲಿಲ್ಲ, ಕಣ್ಣು ಬಿಟ್ಟ.

"ಇದು ಎರಡು ಮನೆ" ಅಂದ. "ಸರಿಯಾಗಿ ಎರಡು ಮನೆ. ನಾವು ಹಾಡಿದ್ದು ಎರಡೂವರೆಗೂ ಮೇಲೆ."

ನಾನು ಹೇಳಿದೆ. ಭಾನುವಾರ, ಒಂದೇ ಕ್ಯಾಸೆಟ್ಟು, ಮೂವತ್ತೆರಡು ನಿಮಿಷ, ತಿರುಪು. ಹಾಡು ನಮ್ಮಿಬ್ಬರ ನಡುವೆ ಓಡುತ್ತಲೇ ಇತ್ತು. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಸಿಡಿಯ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ನಕ್ಕ. "ಹಿಡಿಸಕ್ಕೇಂತ ತಿರುಗಿಸಿದ್ಯಾ? ಅಯ್ಯೋ ನಿನ್ನ!" ಎಂದು ಮತ್ತೆ ನಕ್ಕ, ಕಣ್ಣೊರೆಸಿಕೊಂಡ. "ಈ ಶ್ರುತಿಗಾಗಿದ್ರೆ ನಂಗೆ ನೀರು ಕುಡಿದಷ್ಟು ಸಲೀಸಾಗಿ ಸಿಗ್ತಿತ್ತು ಕಣೋ. ಹೋಗ್ಲಿ ಬಿಡು. ಹುಡುಗರು ನಾವು. ನಂಗೂ ಹಟ ಜಾಸ್ತಿ ಇತ್ತು. ಬಾರದು ಅಂತ ಬಿಟ್ಬುಟ್ಟಿದ್ರೆ ಆಗ್ತಿತ್ತು, ನಾನೂ ಬಿಡಲಿಲ್ಲ."

ಹದಿನಾಲ್ಕು ವರ್ಷದ ಭಾರ ಎರಡು ಮಾತಿನಲ್ಲಿ ಇಳಿಸಿಬಿಟ್ಟನಲ್ಲ ಎಂದು ನನಗೆ ಉಸಿರು ಬಂತು. ಅಲ್ಲಿಗೆ ಎದ್ದು ಬಂದಿದ್ದರೆ ಇವತ್ತಿಗೂ ನಾನು ಆ ಮನೆಗೆ ಹೋಗುತ್ತಿದ್ದೆ.

ಅವನು ಮತ್ತೆ ಮಾತಾಡಿದ. "ನಂಗೆ ಬೇಜಾರು ಏನ್ ಗೊತ್ತಾ? ನೀನು ತಿರುಗಿಸಿದ್ದಲ್ಲ. ಅಪ್ಪ ಆ ಹಾಲ್‍ನಲ್ಲೇ ಕೂತಿರ್ತಿದ್ರು, ನಾಲ್ಕು ತಿಂಗಳು. ಬೇರೆ ಯಾರದ್ದೋ ತಂಬೂರಿ ಒಂದು ಎಳೆ ಇಳಿದಿದ್ರೆ ಬೀದಿ ಕೊನೆಯಿಂದ ಹೇಳೋ ಮನುಷ್ಯ. ಮಗ ಹಾಡೋದನ್ನ ಮಾತ್ರ ಒಂದ್ಸಲನೂ ಕಿವಿಗೊಟ್ಟು ಕೇಳ್ಲಿಲ್ಲ. ಕೇಳಿದ್ರೆ ಗೊತ್ತಾಗ್ದೆ ಇರ್ತಿತ್ತಾ? ಅವರಿಗೆ ಅದು ಸಂಗೀತಾನೇ ಆಗಿರ್ಲಿಲ್ಲ. ಬಾಯಲ್ಲಿ ಭಾಷೆ ಯಾವುದಾದ್ರೇನು ಅಂದ್ರು, ಅಷ್ಟೆ."

ಸುಮ್ಮನಿದ್ದರೆ ನನಗೆ ಎಲ್ಲವೂ ಉಳಿಯುತ್ತಿತ್ತು. ಸುಮ್ಮನಿದ್ದರೆ ಮೇಷ್ಟ್ರು ಮಗನ ಪಾಲಿಗೆ ಹೀಗೇ ಉಳಿಯುತ್ತಿದ್ದರು, ಮಗನ ಹಾಡಿಗೆ ಕಿವಿ ಮುಚ್ಚಿಕೊಂಡ ತಂದೆಯಾಗಿ.

"ಕೇಳಿದ್ರು ಕಣೋ" ಅಂದೆ. "ಗೊತ್ತಾಗಿತ್ತು ಅವರಿಗೆ."

ಗೇಟಿನ ಹತ್ತಿರ ಅವರು ಕರೆದದ್ದು, ಕೇಳಿದ್ದು, ನಾನು ಹೇಳಿದ ಸುಳ್ಳು, ಅವನಿಗೆ ಹೇಳಬೇಡ ಅಂದದ್ದು, ತಮ್ಮ ಕಿವಿಗೇ ವಯಸ್ಸಾಯಿತೇನೋ ಅಂದದ್ದು, ಎಲ್ಲ ಹೇಳಿದೆ. ಈ ಸಲ ಅವನು ನಗಲಿಲ್ಲ. ಎದ್ದು ಹೋಗಿ ಸಿಡಿ ನಿಲ್ಲಿಸಿ ಬಂದು ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

"ಭಯವಾಗುತ್ತೆ ಅಂದ್ರಾ?"

"ಹೂಂ."

"ಹೇಗಂದ್ರು? ಅವರು ಅಂದ ಹಾಗೇ ಹೇಳು."

"ಇವನು ಗಂಟಲು ಕಿತ್ಕೊಂಡು ಹಾಡೋದು ಕೇಳಿದ್ರೆ ನನಗೆ ಭಯವಾಗುತ್ತೆ, ಅಂದ್ರು."

"ಇನ್ನೊಂದ್ಸಲ ಹೇಳು."

ಹೇಳಿದೆ. ಮತ್ತೆ ಹೇಳು ಅಂದ. ಮೂರನೇ ಸಲ ನನಗೆ ಅಳು ಬಂದು ಮಾತು ತಡವರಿಸಿತು. ಅವನು ಕಾದು, ಪೂರ್ತಿ ಹೇಳಿಸಿಕೊಂಡ. ತುಟಿಯಲ್ಲೇ ಆ ಮಾತನ್ನು ತಾನೂ ಒಂದು ಸಲ ಹೇಳಿಕೊಂಡ.

"ಹತ್ತು ವರ್ಷ ಅವರ ಪಕ್ಕದಲ್ಲೇ ಕೂತು ಊಟ ಮಾಡಿದೀನಿ" ಅಂದ. "ಮುಖ ಕೊಟ್ಟು ಮಾತಾಡ್ಲಿಲ್ಲ. ಅವರು ಆಸ್ಪತ್ರೇಲಿದ್ದಾಗ್ಲೂ ಮಾತಾಡ್ಲಿಲ್ಲ. ನೀನು ಅಲ್ಲಿಗೂ ಬಂದಿದ್ದೆ. ಹಣ್ಣು ತಂದಿದ್ದೆ."

ತಂದಿದ್ದೆ.

"ಇನ್ನು ನೀನು ಬರ್ಬೇಡ ಕಣೋ" ಅಂದ. ದನಿಯಲ್ಲಿ ಕೋಪವಿರಲಿಲ್ಲ. ಬಾಗಿಲವರೆಗೂ ಬಂದ, ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ನಿಂತಿದ್ದ. ನಾನು ಗೇಟು ದಾಟಿದ ಮೇಲೆ ಒಳಗಿಂದ ಚಿಲಕ ಹಾಕಿದ ಸದ್ದಾಯಿತು. ಮಧ್ಯಾಹ್ನ ಮೂರು ಗಂಟೆ, ಆ ಮನೆಯ ಬಾಗಿಲನ್ನು ಹಗಲಿನಲ್ಲಿ ಹಾಕಿದ್ದು ನಾನು ಕಂಡಿದ್ದಿಲ್ಲ.